ಹದಿನಾಲ್ಕನೆಯ ಚೀಟಿ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರುದಾರರು ಕುರ್ಚಿಯನ್ನು ಬಾಗಿಲಿನ ಕಡೆಗೆ ತಿರುಗಿಸಿಕೊಂಡು ಕೂತರು. ಎಂಟು ಸಾವಿರ ಜನರನ್ನು ನಡುಗಿಸುವ ಕಂಪ್ಯೂಟರ್ ಕಂಪನಿಯ ಮುಖ್ಯಸ್ಥರು ಅವರು. ಈಗ ಬಾಗಿಲಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಮಾತಾಡಿದ್ದು ಹೆಂಡತಿ.

"ಗುರುವಾರದಿಂದ ಇವರು ಸ್ನಾನದ ಮನೆ ಬಾಗಿಲನ್ನೂ ಹಾಕ್ಕೊಳ್ತಿಲ್ಲ ಸಾರ್."

ಇನ್ಸ್‌ಪೆಕ್ಟರ್ ಕಣ್ಸನ್ನೆ ಮಾಡಿದರು. ದಫೇದಾರ ಪೆನ್ನು ತೆಗೆದ.

ಪ್ರತಿ ಗುರುವಾರ ಸಭೆ ಮುಗಿಸಿ ಒಬ್ಬರೇ ಸರ್ವರ್ ಕೋಣೆ ನೋಡಿಬರುವುದು ಮುಖ್ಯಸ್ಥರ ರೂಢಿ. ಈ ಸಲ ಬಾಗಿಲು ಹಿಂದಿನಿಂದ ಬಿಗಿದುಕೊಂಡಿತು, ಕೆಂಪು ದೀಪ ಹತ್ತಿತು. ದೀಪ ಹತ್ತಿದರೆ ಬೆಂಕಿ ಆರಿಸುವ ಅನಿಲ ನುಗ್ಗುತ್ತದೆ. ಒಳಗಿದ್ದವರಿಗೆ ಉಸಿರಾಡಲು ಗಾಳಿ ಉಳಿಯುವುದಿಲ್ಲ. ಹದಿನೇಳು ನಿಮಿಷ ಬಾಗಿಲು ಬಡಿದರು. ಅನಿಲ ಬರಲಿಲ್ಲ. ಬಾಗಿಲು ತಾನಾಗಿಯೇ ತೆರೆಯಿತು. ಅವರ ಮೇಜಿನ ಮೇಲೆ ಬಿಳಿ ಚೀಟಿಯೊಂದಿತ್ತು. ಅವರದೇ ಹೆಸರು, ಕೆಳಗೆ ದಪ್ಪಕ್ಷರದಲ್ಲಿ, 'ಮುಂದಿನ ಗುರುವಾರ ಬಾಗಿಲು ತೆರೆಯುವುದಿಲ್ಲ.' ಹಿಂದಿನ ಎರಡು ಗುರುವಾರವೂ ಚೀಟಿ ಬಂದಿತ್ತು, ಅವುಗಳಲ್ಲಿ ಬರೀ ಹೆಸರಿತ್ತು.

"ಬರೀ ಹೆಸರಿಗೆ ಹೆದರೋದ್ಯಾಕೆ?" ಎಂದರು ಇನ್ಸ್‌ಪೆಕ್ಟರ್.

ಮುಖ್ಯಸ್ಥರು ಮೊದಲ ಸಲ ಬಾಯಿ ಬಿಟ್ಟರು. "ನಮ್ಮಲ್ಲಿ ಚೀಟೀಲಿ ಹೆಸರು ಬಂದ್ರೆ ಏನರ್ಥ ಅಂತ ನನಗೆ ಗೊತ್ತು. ಆ ಪದ್ಧತಿ ತಂದವನೇ ನಾನು."

ಗುರುವಾರ ಹತ್ತಕ್ಕೆ ಹದಿನಾಲ್ಕು ವಿಭಾಗಗಳ ಮುಖಂಡರು ಕುರ್ಚಿಯಿಲ್ಲದ ಕೋಣೆಯಲ್ಲಿ ಬಂದು ನಿಲ್ಲಬೇಕು. ತಮ್ಮ ವಿಭಾಗದಲ್ಲಿ ಯಾರಿಲ್ಲದಿದ್ದರೂ ಕೆಲಸ ನಡೆದೀತು ಎಂದು ಒಂದು ಹೆಸರು ಬರೆದು, ಸಹಿ ಹಾಕಿ, ಗಾಜಿನ ಬೋಗುಣಿಗೆ ಹಾಕಬೇಕು. ಮುಖ್ಯಸ್ಥರು ಕೆಲವನ್ನು ಆರಿಸುತ್ತಾರೆ. ಶುಕ್ರವಾರ ಬೆಳಿಗ್ಗೆ ಆ ಹೆಸರಿನವರ ಪಾಸಿಗೆ ಗೇಟು ತೆರೆಯುವುದಿಲ್ಲ, ಅಷ್ಟೇ. ದಕ್ಷತೆ ಎಂದು ಇದಕ್ಕೆ ಹೆಸರು.

ಹನ್ನೊಂದು ಐದಕ್ಕೆ ಎಫ್‌ಐಆರ್ ಆಯಿತು. ಎರಡು ಗಂಟೆಗೆ ಸ್ಥಳ ಪಂಚನಾಮೆ. ಹದಿನೇಳು ನಿಮಿಷ ಹೇಗಿರುತ್ತದೆಂದು ನೋಡಲು ಇನ್ಸ್‌ಪೆಕ್ಟರ್ ತಾವೇ ಒಳಗೆ ನಿಂತು ಬಾಗಿಲು ಹಾಕಿಸಿದರು. ಯಂತ್ರಗಳ ಗುಂಯ್‌ಗುಡುವಿಕೆ, ಮೂಳೆ ಕೊರೆಯುವ ಚಳಿ. ಅಂಥ ಚಳಿಯಲ್ಲೂ ನಾಲ್ಕನೇ ನಿಮಿಷಕ್ಕೆ ಅವರ ಕಾಲರು ಒದ್ದೆಯಾಗಿತ್ತು. ಎಷ್ಟೋ ಹೆಣ ನೋಡಿದ ಮನುಷ್ಯ ಒಂಬತ್ತನೇ ನಿಮಿಷಕ್ಕೆ ಬಾಗಿಲು ಬಡಿದರು.

ಹೊರಗಿನಿಂದ ತೆರೆದವನು ಗೇಟು, ಬಾಗಿಲುಗಳನ್ನು ನೋಡಿಕೊಳ್ಳುವ ಪಾಸ್ ವಿಭಾಗದ ಮುಖಂಡ. ನಲವತ್ತರ ಆಸುಪಾಸಿನ ತೆಳ್ಳನೆಯ ಆಸಾಮಿ. ಅವರ ಮುಖವನ್ನೇ ನೋಡಿ, "ಭಯ ಆಯ್ತಾ ಸಾರ್?" ಎಂದ. ಬಾಗಿಲಿನ ದಾಖಲೆಯನ್ನೂ ಅವನೇ ಮುದ್ರಿಸಿ ಕೊಟ್ಟ. ಅದರ ಪ್ರಕಾರ ಗುರುವಾರ ಬೀಗ ಬಿದ್ದಿದ್ದು ಮುಖ್ಯಸ್ಥರದೇ ಪಾಸಿನಿಂದ.

ಎರಡು ದಿನ ವಿಚಾರಣೆ ನಡೆಯಿತು. ಎಲ್ಲರ ಬಾಯಿಗೂ ಬೀಗ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಸಿಗುತ್ತಾನೆಂದು ದಫೇದಾರನ ನಂಬಿಕೆ. ಇಲ್ಲಿ ಎಂಟು ಸಾವಿರ ಜನವೂ ಹೆಗಲು ಮುಟ್ಟಿಕೊಳ್ಳುವವರೇ. ಗುರುವಾರದ ಸಭೆ ನಿಲ್ಲಿಸಿ ಎಂದರೆ ಮುಖ್ಯಸ್ಥರು ಒಪ್ಪಲಿಲ್ಲ. "ನಿಲ್ಲಿಸಿದ್ರೆ ನಾನಿಲ್ದೆ ಇದ್ರೂ ಕೆಲಸ ನಡೆಯುತ್ತೆ ಅಂತಾಗುತ್ತೆ," ಎಂದರು.

ಬುಧವಾರ ಸಂಜೆ ಇನ್ಸ್‌ಪೆಕ್ಟರ್ ಹಳೆಯ ಚೀಟಿಗಳನ್ನು ತರಿಸಿದರು. ಆಪ್ತ ಕಾರ್ಯದರ್ಶಿ ಒಂದೊಂದು ವಾರದ್ದನ್ನೂ ಒಂದೊಂದು ಲಕೋಟೆಯಲ್ಲಿಟ್ಟಿದ್ದಳು. ದಫೇದಾರ ಹರಡಿ ಎಣಿಸಿದ. ಕೊನೆಯ ಮೂರು ಲಕೋಟೆಗಳಲ್ಲಿ ಹದಿಮೂರೇ ಚೀಟಿ.

"ಇಲ್ಲಿ ಯಾರೂ ಎಣಿಸಲ್ವೇನಮ್ಮಾ?"

"ಎಣಿಸೋರು ಒಬ್ಬರಿದ್ರು ಸಾರ್. ಅವರ ಹೆಸರೂ ಚೀಟೀಲಿ ಬಂತು."

ಮೂರೂ ವಾರ ಇಲ್ಲದ್ದು ಪಾಸ್ ವಿಭಾಗದ ಚೀಟಿ. ಅದಕ್ಕೂ ಹಿಂದಿನ ಹನ್ನೊಂದು ವಾರ ಆ ವಿಭಾಗದಿಂದ ಬಂದಿದ್ದು ಒಂದೇ ಹೆಸರು. ಕೆಳಗಿನ ಸಹಿಯೂ ಅದೇ ಹೆಸರಿನದು. ದಫೇದಾರ ಕನ್ನಡಕ ತೆಗೆದು ಒರೆಸಿಕೊಂಡ. "ಬೇಲಿಯೇ ಎದ್ದು ಹೊಲ ಮೇಯ್ದಿದೆ ಸಾರ್. ದಾಖಲೆ ಕೊಟ್ಟವನೇ ದಾಖಲೆ ತಿದ್ದಿದಾನೆ."

ಮನೆಯಲ್ಲಿ ಅವನು ಸಿಗಲಿಲ್ಲ. ಗುರುವಾರ ಒಂಬತ್ತು ಇಪ್ಪತ್ತಕ್ಕೆ ಪಾಸ್ ಕೋಣೆಯಲ್ಲಿ ಸಿಕ್ಕ. ಆರು ಮೇಜುಗಳ ಪೈಕಿ ಐದರ ಮೇಲೆ ಧೂಳು.

"ವಿಭಾಗದಲ್ಲಿ ಎಷ್ಟು ಜನ?"

"ಆರು ಜನ ಇದ್ವಿ ಸಾರ್. ಐದು ಜನರ ಹೆಸರು ನಾನೇ ಬರೆದೆ."

"ಆಮೇಲೆ?"

"ಬರೆಯೋಕೆ ನಾನೊಬ್ಬನೇ ಉಳಿದಿದ್ದೆ."

"ಹನ್ನೊಂದು ವಾರ ನಿನ್ನ ಹೆಸರೇ ಬರೆದ್ಯಾ?"

"ಶುಕ್ರವಾರ ಏಳಕ್ಕೆ ತೆಗೆದುಹಾಕೋರ ಪಟ್ಟಿ ನನ್ನ ಕೈಗೇ ಬರೋದು. ಓದಿ ಮುಗಿಸೋವರೆಗೂ ಜೀವ ಕೈಯಲ್ಲಿ. ಹೆಸರಿದ್ರೆ ನನ್ನ ಪಾಸು ನಾನೇ ಮುಚ್ಚಬೇಕಲ್ಲ. ಆ ಹೆದರಿಕೆ ಅವರಿಗೂ ಒಂದ್ಸಲ ಗೊತ್ತಾಗ್ಲಿ ಅನ್ನಿಸ್ತು. ಅವತ್ತು ಅನಿಲದ ಕೊಳವೆ ಮುಚ್ಚಿಟ್ಟಿದ್ದೆ ಸಾರ್."

"ಇವತ್ತು?"

ಅವನು ಗಡಿಯಾರ ನೋಡಿದ. "ಬೆಳಿಗ್ಗೆ ಬಂದು ತೆರೆದಿದೀನಿ."

ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದರು. ದಫೇದಾರ ಆಗಲೇ ಮೆಟ್ಟಿಲ ಕಡೆ ಓಡುತ್ತಿದ್ದ. ಒಂಬತ್ತು ಮೂವತ್ತೊಂದಕ್ಕೆ ಕೊಳವೆ ಮುಚ್ಚಿದ್ದಾಗಿಯೂ, ಆಗ ಸರ್ವರ್ ಕೋಣೆಯಲ್ಲಿ ಯಾರೂ ಇರಲಿಲ್ಲವೆಂದೂ ಪಂಚನಾಮೆಯಲ್ಲಿ ಬರೆದಿದೆ. ಬಂಧನದ ಸಮಯ ಒಂಬತ್ತು ನಲವತ್ತು.

ಶುಕ್ರವಾರ ಎಂಟೂ ಹತ್ತಕ್ಕೆ ಠಾಣೆಯ ಫೋನು ಬಡಿದುಕೊಂಡಿತು. ಮುಖ್ಯಸ್ಥರು.

"ಗೇಟು ತೆರೀತಿಲ್ಲ ಇನ್ಸ್‌ಪೆಕ್ಟ್ರೇ. ಎಲ್ಲರೂ ರಸ್ತೇಲಿ ನಿಂತಿದೀವಿ, ನಾನೂ. ವಾರಕ್ಕೊಂದ್ಸಲ ಏನೋ ಸಂಕೇತ ಹಾಕಬೇಕಂತೆ. ಬೇರೆ ಯಾರಿಗೂ ಗೊತ್ತಿಲ್ಲ. ಅವನನ್ನ ಸ್ವಲ್ಪ ಕೇಳ್ತೀರಾ?"

ಲಾಕಪ್ಪಿನಲ್ಲಿ ಅವನು ಗೋಡೆಗೆ ಮುಖ ಮಾಡಿ ಗಾಢ ನಿದ್ದೆಯಲ್ಲಿದ್ದ. ಭುಜ ಅಲುಗಿಸಿದಾಗ ಬೆಚ್ಚಿ ಎದ್ದು ಕೂತ.

"ಇವತ್ತು ಶುಕ್ರವಾರ ಅಲ್ವಾ ಸಾರ್? ಗಂಟೆ ಎಷ್ಟು?"

"ಎಂಟು ಆಯ್ತು."

"ಏಳು ದಾಟಿದ್ದೇ ಗೊತ್ತಾಗ್ಲಿಲ್ಲ," ಎಂದ. "ಎಷ್ಟು ದಿನ ಆಗಿತ್ತು ಹೀಗೆ ನಿದ್ದೆ ಬಂದು."

ಇನ್ಸ್‌ಪೆಕ್ಟರ್ ವಿಷಯ ಹೇಳಿದರು. ಅವನು ಒಂದು ಚೀಟಿ ಕೇಳಿ ಪಡೆದು, ಮಂಡಿಯ ಮೇಲಿಟ್ಟುಕೊಂಡು ಸಂಕೇತ ಬರೆದ. ರೂಢಿಯಂತೆ ಕೆಳಗೆ ಸಹಿಯನ್ನೂ ಹಾಕಿ ಕೊಟ್ಟ.