ಕೆಂಪು ದಾರ, ಬಿಳಿ ದಾರ

“ಕೊಳಲು ಇದೆ.”

“ಇಲ್ಲ.”

“ಇದೆ ಅತ್ತೆ. ಹಾಡು ಶುರುವಾದಾಗಿಂದ ಊದ್ತಾನೇ ಇದಾರೆ. ಕೇಳು, ಈಗ ಮೇಲೆ ಹೋಯ್ತು.”

“ಮೇಲೆ ಹೋಗಿದ್ದು ನಿನ್ನ ಗಮನ. ಡ್ರಮ್ ಎಷ್ಟು ಚೆನ್ನಾಗಿ ಬಾರಿಸ್ತಿದಾರೆ, ಅದನ್ನ ಬಿಟ್ಟು ಇಲ್ಲದ ಕೊಳಲು ಹುಡುಕ್ತಾಳೆ.”

“ಡ್ರಮ್ಮಾ? ಯಾವ ಡ್ರಮ್ಮು?”

ಅತ್ತೆ ಕಣ್ಣು ಮುಚ್ಚಿಕೊಂಡು ಹಾಡಿನ ಒಳಗೆ ಹೋಗಿಬಿಟ್ಟಳು.

ಇಬ್ಬರೂ ಟೆರೇಸಿಗೆ ಹೋಗುವ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ದೂರ ಕುಳಿತುಕೊಳ್ಳುವಂತಿರಲಿಲ್ಲ. ಇಯರ್‌ಫೋನ್ ಇದ್ದದ್ದು ಒಂದೇ, ಅದರ ವೈರು ಗಿಡ್ಡ. ಒಂದು ತುದಿ ಅತ್ತೆಯ ಕಿವಿಯಲ್ಲಿ, ಇನ್ನೊಂದು ತುದಿ ಬಟಾಣಿಯ ಕಿವಿಯಲ್ಲಿ. ಹಳೆಯ ಸಿ.ಡಿ. ಪ್ಲೇಯರು ನಡುವೆ, ಇಬ್ಬರ ಮೊಣಕಾಲಿನ ಮೇಲೂ ಅರ್ಧರ್ಧ.

ಬಟಾಣಿಗೆ ಹತ್ತು ವರ್ಷ. ಮಗುವಾಗಿದ್ದಾಗ ಗುಂಡಗಿದ್ದಳೆಂದು ಅಪ್ಪ ಇಟ್ಟ ಹೆಸರು ಅದು. ಈಗ ಅವಳು ಕಡ್ಡಿಯಂತಿದ್ದರೂ ಹೆಸರು ಮಾತ್ರ ತೆಳ್ಳಗಾಗಿರಲಿಲ್ಲ. ಅಪ್ಪ ದೂರದಲ್ಲೆಲ್ಲೋ ಸೇತುವೆ ಕಟ್ಟುವ ಕೆಲಸದಲ್ಲಿದ್ದ. ಮನೆಯಲ್ಲಿ ಅಮ್ಮ, ಅಪ್ಪನ ತಂಗಿಯಾದ ಅತ್ತೆ, ಮತ್ತು ಅವಳು.

ಅತ್ತೆಗೆ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಿಷಿನ್ ನಡೆಸುವ ಕೆಲಸ. ಕಳೆದ ಡಿಸೆಂಬರಿನಲ್ಲಿ, ಪ್ರೆಸ್ಸಿನ ಎದುರಿನ ಲೈಬ್ರರಿಯವರು ಹಳೆಯ ಸಿ.ಡಿ.ಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಬಾಗಿಲ ಹೊರಗಿಟ್ಟಿದ್ದರು. ಅತ್ತೆ ಕೇಳಿದಳು, ಅವರು ಕೊಟ್ಟರು. ಮನೆಗೆ ತಂದು ಎಣಿಸಿದಾಗ ಐವತ್ತಮೂರು ಆಲ್ಬಮ್. ಒಂದು ಸೀಳಿಹೋಗಿತ್ತು.

“ವರ್ಷಕ್ಕೆ ಎಷ್ಟು ವಾರ?” ಎಂದು ಅತ್ತೆ ಕೇಳಿದ್ದಳು.

“ಐವತ್ತೆರಡು.”

“ಹಾಗಾದ್ರೆ ಭಾನುವಾರಕ್ಕೊಂದು.”

ಅಂದೇ ನಿಯಮಗಳೂ ಹುಟ್ಟಿದವು. ಆಲ್ಬಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಬೇಕು. ಹಿಡಿಸದ ಹಾಡನ್ನು ಹಾರಿಸಬಾರದು, ಹಿಡಿಸಿದ್ದನ್ನು ಮತ್ತೆ ಹಾಕಬಾರದು. ಒಬ್ಬರನ್ನು ಬಿಟ್ಟು ಒಬ್ಬರು ಕೇಳಬಾರದು. ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಇಬ್ಬರೂ ಹತ್ತಕ್ಕೆ ಎಷ್ಟೆಂದು ಮಾರ್ಕ್ಸ್ ಹಾಕಬೇಕು.

“ಬೋರ್ ಆದ್ರೆ?” ಎಂದು ಬಟಾಣಿ ಕೇಳಿದ್ದಳು.

“ಬೋರ್ ಆಗು. ಬರೀ ಸಿಹಿ ತಿಂದು ಕೈ ತೊಳ್ಕೊಂಡ್ರೆ ಅದನ್ನ ಊಟ ಅಂತಾರಾ?”

ಅಮ್ಮನೂ ತನ್ನದೊಂದು ನಿಯಮ ಸೇರಿಸಿದಳು. ಅಮ್ಮ ನರ್ಸ್. ಶನಿವಾರ ರಾತ್ರಿಯ ಡ್ಯೂಟಿ ಮುಗಿಸಿ ಭಾನುವಾರ ಹಗಲೆಲ್ಲ ಮಲಗುತ್ತಿದ್ದಳು. ಸ್ಪೀಕರು ಬೇಡ, ಮೆಟ್ಟಿಲು ಸಾಕು ಎಂದದ್ದು ಅದಕ್ಕೇ. ಒಮ್ಮೆ ಬಟಾಣಿಗೆ ಕಿವಿ ಸೋರಿ ಎರಡು ಇಂಜೆಕ್ಷನ್ ಆಗಿತ್ತು. ಅಂದಿನಿಂದ ಕಿವಿಯ ವಿಷಯದಲ್ಲಿ ಅಮ್ಮ ಪೊಲೀಸಿನವರಿಗಿಂತ ಬಿಗಿ. ಒಬ್ಬರ ಕಿವಿಯದು ಇನ್ನೊಬ್ಬರ ಕಿವಿಗೆ ಹೋಗದಂತೆ ಇಯರ್‌ಫೋನಿನ ಒಂದು ತುದಿಗೆ ಕೆಂಪು ದಾರ ಸುತ್ತಿದಳು, ಇನ್ನೊಂದಕ್ಕೆ ಬಿಳಿ.

“ಕೆಂಪು ಇವಳದು, ಬಿಳಿ ನಿಂದು,” ಎಂದಳು ಅತ್ತೆಗೆ. “ಅದಲು ಬದಲು ಮಾಡಿದ್ದು ಗೊತ್ತಾಯ್ತೋ, ಪ್ಲೇಯರು ಅಟ್ಟಕ್ಕೆ.”

“ಆಗಲಿ ಅತ್ತಿಗೆ,” ಎಂದಳು ಅತ್ತೆ, ಶಾಲೆಯ ಹುಡುಗಿಯಂತೆ ಕೈ ಕಟ್ಟಿಕೊಂಡು.

ಅದಲು ಬದಲು ಒಮ್ಮೆಯೂ ಆಗಲಿಲ್ಲ.

ಉಳಿದದ್ದೆಲ್ಲ ಆಯಿತು. ಆರನೆಯ ವಾರ ಬ್ಯಾಟರಿ ನಡುವೆಯೇ ಸತ್ತು, ಹಾಡುತ್ತಿದ್ದವನು ಬಿಕ್ಕಳಿಕೆ ಬಂದವನಂತೆ ತಡವರಿಸಿ ನಿಂತ. ಹನ್ನೊಂದನೆಯ ವಾರ ಕೆಳಗಿನ ಮನೆಯವರು ಗೋಡೆಗೆ ಡ್ರಿಲ್ ಹಾಕಿಸಿದರು. ಹದಿನಾಲ್ಕನೆಯ ವಾರ ಗಣಿತ ಪರೀಕ್ಷೆ. ಭಿನ್ನರಾಶಿಗಳನ್ನು ಬಿಡಿಸುತ್ತಲೇ ಬಟಾಣಿ ಒಂದು ಆಲ್ಬಮ್ ಮುಗಿಸಿದಳು, ಎರಡರಲ್ಲೂ ಮಾರ್ಕ್ಸ್ ಕಡಿಮೆ ಬಂತು. ಇಪ್ಪತ್ತೆರಡನೆಯ ವಾರ ನೀರಿನ ಪೈಪ್ ಒಡೆದು ಮೆಟ್ಟಿಲೇ ಹೊಳೆಯಾಯಿತು. ಕಾಲು ಎತ್ತಿಕೊಂಡು ಕೇಳಿದರು. ಒಂದು ಭಾನುವಾರವೂ ತಪ್ಪಲಿಲ್ಲ.

ಮೊದಮೊದಲು ಅವರ ಮಾರ್ಕ್ಸ್ ಅಕ್ಕಪಕ್ಕದಲ್ಲೇ ಇರುತ್ತಿತ್ತು. ಅತ್ತೆ ಏಳು ಹಾಕಿದರೆ ಬಟಾಣಿ ಆರು. ಪೆಟ್ಟಿಗೆಯ ಕೆಳಗಿದ್ದ ಇನ್ನೂ ಹಳೆಯ ಆಲ್ಬಮ್‌ಗಳಿಗೆ ಬಂದ ಮೇಲೆ ಏನಾಯಿತೋ, ಒಬ್ಬರು ಎಂಟು ಹಾಕಿದ್ದಕ್ಕೆ ಇನ್ನೊಬ್ಬರು ಮೂರು ಹಾಕತೊಡಗಿದರು. ಬಟಾಣಿಗೆ ಡ್ರಮ್ ಕೇಳಿಸುತ್ತಿರಲಿಲ್ಲ. ಅತ್ತೆಗೆ ಕೊಳಲು ಕೇಳಿಸುತ್ತಿರಲಿಲ್ಲ. ಮೂವತ್ತೊಂದನೆಯ ವಾರದ ಆ ಕೊಳಲಿನ ಜಗಳ ಮೊದಲನೆಯದೂ ಅಲ್ಲ, ಕೊನೆಯದೂ ಆಗಲಿಲ್ಲ.

“ನಿನಗಿರೋದು ಕಿವಿಯೋ, ಓಲೆ ನೇತುಹಾಕೋ ಮೊಳೆಯೋ?” ಎಂದು ಅತ್ತೆ ರೇಗಿಸುತ್ತಿದ್ದಳು. ಮೊದಲು ಅದರಲ್ಲಿ ನಗು ಇರುತ್ತಿತ್ತು. ಬರುಬರುತ್ತ ನಗು ಕಡಿಮೆಯಾಯಿತು.

ಆಗಸ್ಟ್ ಕೊನೆಯಲ್ಲಿ ಒಂದು ದಿನ ಅತ್ತೆ ಕನ್ನಡಕ ಮರೆತು ಕೆಲಸಕ್ಕೆ ಹೋದಳು. ಶಾಲೆಗೆ ರಜೆ ಇತ್ತು. ಕನ್ನಡಕ ತಲುಪಿಸಲು ಬಟಾಣಿಯೇ ಪ್ರೆಸ್ಸಿಗೆ ಹೋದಳು.

ಒಳಗೆ ಮೂರು ಮಿಷಿನ್ನುಗಳು ಒಟ್ಟಿಗೆ ಓಡುತ್ತಿದ್ದವು. ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಾಗಿತು. ಕಾಗದಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಅತ್ತೆ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು, ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ಬಣ್ಣ ನೋಡುತ್ತಿದ್ದಳು. ಬಿಳಿ ಮೀಸೆಯ ಮೇಸ್ತ್ರಿಯೊಬ್ಬರು ಬಟಾಣಿಯ ಹತ್ತಿರ ಬಂದು ಬಗ್ಗಿದರು.

“ಯಾವ ಕ್ಲಾಸಮ್ಮ?”

“ಐದು.”

“ಆಂ?”

“ಐದನೇ ಕ್ಲಾಸು!”

“ಆಂ?”

ಮೂರನೆಯ ಸಲ ಅವರು ಕೇಳಲಿಲ್ಲ. ಎಲ್ಲ ತಿಳಿದವರಂತೆ ತಲೆಯಾಡಿಸಿ ಹೋದರು. ಬಟಾಣಿಗೆ ನಗು ತಡೆಯಲಾಗಲಿಲ್ಲ. ಅತ್ತೆ ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು.

“ನಗಬೇಡ. ಅವರು ಚಿಕ್ಕ ವಯಸ್ಸಲ್ಲಿ ಹಾಡ್ತಿದ್ರಂತೆ.”

“ಮತ್ತೆ ಈಗ್ಯಾಕೆ ಕೇಳಿಸಲ್ಲ?”

“ಇಷ್ಟು ವರ್ಷ ಮಿಷಿನ್ ಪಕ್ಕ ನಿಂತ್ರು. ಒಂದೇ ದಿನ ಹೋಗಲ್ಲವಂತೆ ಅದು. ಮೊದಲು ಸಣ್ಣ ಸದ್ದು ಹೋಗುತ್ತೆ. ಹಕ್ಕಿ, ಸೈಕಲ್ ಬೆಲ್ಲು, ಅಂಥವು. ಹೋಗಿದೆ ಅಂತ ಇವರಿಗೆ ಗೊತ್ತಾಗೋ ಹೊತ್ತಿಗೆ ಅರ್ಧ ಹೋಗಿತ್ತು.”

“ನೀನು ಎಷ್ಟು ವರ್ಷದಿಂದ ಇಲ್ಲಿದೀಯ?”

“ಹನ್ನೊಂದು,” ಎಂದಳು ಅತ್ತೆ. ಆಮೇಲೆ, “ಫುಟ್‌ಪಾತ್ ಮೇಲೇ ಹೋಗು,” ಎಂದಳು.

ಬಟಾಣಿಗೆ ಆಗ ತನ್ನದೇ ಚಿಂತೆ. ತನ್ನ ಕಿವಿ ಮತ್ತೆ ಕೆಟ್ಟಿರಬಹುದೆಂಬ ಹೆದರಿಕೆ ಅವಳನ್ನು ಹಿಡಿದುಕೊಂಡಿತ್ತು. ಅತ್ತೆಗೆ ಅಷ್ಟು ಚೆನ್ನಾಗಿ ಕೇಳಿಸುವ ಡ್ರಮ್ ತನಗೆ ಕೇಳಿಸುತ್ತಿಲ್ಲ. ಅಮ್ಮನಿಗೆ ಹೇಳಿದರೆ ಇಂಜೆಕ್ಷನ್. ಹೇಳದಿದ್ದರೆ ಭಾನುವಾರದ ಅದೇ ಜಗಳ.

ಸೆಪ್ಟೆಂಬರಿನಲ್ಲಿ ಶಾಲೆಗೆ ಡಾಕ್ಟರು ಬಂದರು. ಹಲ್ಲು, ಕಣ್ಣು, ಕಿವಿ. ಆಕೆ ಬಟಾಣಿಯ ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ ಅಂಕಿಗಳನ್ನು ಹೇಳಿದರು. ಬಟಾಣಿ ಒಂದೂ ತಪ್ಪದೆ ತಿರುಗಿ ಹೇಳಿದಳು. ಡಾಕ್ಟರು ಒಂದು ಚೀಟಿಯಲ್ಲಿ ಬರೆದರು: ಎರಡೂ ಕಿವಿ ಸರಿಯಾಗಿವೆ.

ಅವಳು ಮನೆಯವರೆಗೂ ಓಡಿದಳು.

“ನೋಡು ಅತ್ತೆ. ಸೀಲ್ ಕೂಡ ಇದೆ. ನನ್ನ ಕಿವಿಗೇನೂ ಆಗಿಲ್ಲ. ನಾನು ಹೇಳಿದ ಕೊಳಲು ಅಷ್ಟೂ ಇತ್ತು. ಕೇಳಿಸದೆ ಇದ್ದಿದ್ದು ನಿನಗೇ.”

ಚೀಟಿಯಲ್ಲಿದ್ದದ್ದು ಒಂದೇ ಸಾಲು. ಅತ್ತೆ ಅದನ್ನು ಎರಡು ಸಲ ಓದಿದಳು. ನಾಲ್ಕು ಮಡಿಕೆ ಮಾಡಿ ಬಟಾಣಿಯ ಕೈಗೆ ಕೊಟ್ಟಳು.

“ಸರಿ. ಕಿವಿ ಇರೋಳು ನೀನು. ಇನ್ನು ಮೇಲೆ ನೀನೇ ಕೇಳು.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬಟಾಣಿಗೆ ಜಗಳವಾಡಲು ಬರುತ್ತಿತ್ತು.

ಆ ಭಾನುವಾರ ಅತ್ತೆ ಬೀರು ಒಪ್ಪ ಮಾಡಿದಳು. ಮುಂದಿನ ಭಾನುವಾರ ಫ್ಯಾನು ಒರೆಸಿದಳು. ನೋಟ್‌ಬುಕ್ಕಿನಲ್ಲಿ ಮೂವತ್ತೆಂಟರ ಮುಂದಿನ ಸಾಲು ಖಾಲಿಯಾಗಿಯೇ ಇತ್ತು. ಪೆಟ್ಟಿಗೆಯಲ್ಲಿ ಇನ್ನೂ ಹದಿನಾಲ್ಕು ಆಲ್ಬಮ್ ಉಳಿದಿದ್ದವು.

“ಬಾ ಅತ್ತೆ, ಡ್ರಮ್ ಇದೆ ಅಂತ ಒಪ್ಕೋತೀನಿ,” ಎಂದು ಬಟಾಣಿ ಕರೆದು ನೋಡಿದಳು.

“ಒಪ್ಕೊಂಡ್ರೆ ಕೇಳಿಸಿಬಿಡುತ್ತಾ?” ಎಂದಳು ಅತ್ತೆ, ಸ್ಟೂಲಿನ ಮೇಲಿಂದ ಇಳಿಯದೆ.

ಮೂರನೆಯ ಭಾನುವಾರ ಅತ್ತೆ ಬಟ್ಟೆಯ ಬುಟ್ಟಿ ಹೊತ್ತು ಟೆರೇಸಿಗೆ ಹೋದಳು. ಅಮ್ಮ ಮಲಗಿದ್ದಳು. ಬಟಾಣಿ ಮೂವತ್ತೊಂಬತ್ತನೆಯ ಆಲ್ಬಮ್ ತೆಗೆದುಕೊಂಡು ಒಬ್ಬಳೇ ಮೆಟ್ಟಿಲ ಮೇಲೆ ಕುಳಿತಳು. ಒಂದು ನಿಯಮ ಮುರಿದಂತಾಯಿತು. ಅವಳಿಗೆ ಅದರಿಂದ ಖುಷಿಯೇನೂ ಆಗಲಿಲ್ಲ.

ಕೆಂಪು ದಾರದ ತುದಿಯನ್ನು ಕಿವಿಗೆ ಹಾಕಿಕೊಂಡಳು. ಬಿಳಿ ದಾರದ್ದು ಕೆಳಗೆ ನೇತಾಡುತ್ತಿತ್ತು. ಆಲ್ಬಮಿನ ಹೊದಿಕೆಯ ಮೇಲೆ ಒಂದು ಖಾಲಿ ಕುರ್ಚಿಯ ಚಿತ್ರ. ಒಳಗೆ ಹೆಂಗಸೊಬ್ಬಳು ನಿಧಾನವಾಗಿ ಹಾಡುತ್ತಿದ್ದಳು. ಮೊದಲ ಹಾಡು ಬೋರು. ಎರಡನೆಯದೂ ಬೋರು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಬೋರು ಎಂದು ಯಾರಿಗೆ ಹೇಳುವುದು?

ಮೂರನೆಯ ಹಾಡಿನಲ್ಲಿ ಮೊಣಕಾಲಿನ ಹತ್ತಿರ ಏನೋ ಟಿಕ್ ಟಿಕ್ ಎಂದಿತು.

ಹುಳವೆಂದುಕೊಂಡು ಅವಳು ಲಂಗ ಕೊಡವಿದಳು. ಟಿಕ್ ಟಿಕ್ ನಿಲ್ಲಲಿಲ್ಲ. ಬಗ್ಗಿ ನೋಡಿದಳು. ಸದ್ದು ಬರುತ್ತಿದ್ದದ್ದು ಬಿಳಿ ದಾರದ ತುದಿಯಿಂದ. ತನ್ನ ಕಿವಿಯೊಳಗಿನ ಹಾಡಿನಲ್ಲಿ ಅಂಥ ಸದ್ದೇ ಇರಲಿಲ್ಲ.

ಬಟಾಣಿ ಮನೆಯ ಬಾಗಿಲ ಕಡೆ ನೋಡಿದಳು. ಬಿಳಿ ತುದಿಯನ್ನು ಲಂಗದ ಅಂಚಿನಿಂದ ಎರಡು ಸಲ ಒರೆಸಿದಳು. ಆಮೇಲೆ ಇನ್ನೊಂದು ಕಿವಿಗೆ ಹಾಕಿಕೊಂಡಳು.

ಡ್ರಮ್.

ಯಾರೋ ಅವಳ ಪಕ್ಕದಲ್ಲೇ ಕುಳಿತು, ಬೆರಳ ತುದಿಯಲ್ಲಿ ಬಾರಿಸುತ್ತಿದ್ದರು. ಅವಳು ಬಿಳಿಯದನ್ನು ತೆಗೆದಳು, ಡ್ರಮ್ ಹೋಯಿತು. ಹಾಕಿದಳು, ಬಂತು. ಕೆಂಪನ್ನು ತೆಗೆದಳು. ಅಷ್ಟು ಹೊತ್ತು ಕೇಳುತ್ತಿದ್ದ ಇನ್ನೊಂದು ವಾದ್ಯವೇ ಮಾಯ. ಹಾಡುವವಳು ಮಾತ್ರ ಎರಡೂ ಕಡೆ ಇದ್ದಳು. ಆಟದಲ್ಲಿ ಎರಡು ಟೀಮು ಮಾಡಿದಂತೆ, ವಾದ್ಯಗಳನ್ನು ಆಚೆಗಷ್ಟು ಈಚೆಗಷ್ಟು ಹಂಚಿ ನಿಲ್ಲಿಸಿದ್ದರು.

ಬಟಾಣಿಗೆ ನಗು ಉಕ್ಕಿತು. ಇಷ್ಟು ತಿಂಗಳು ಇಬ್ಬರೂ ಅರ್ಧರ್ಧ ಹಾಡು ಕೇಳಿ ಕಿತ್ತಾಡಿದ್ದರು. ಅವಳು ಪ್ಲೇಯರನ್ನು ಎದೆಗೆ ಅವುಚಿಕೊಂಡು ಎರಡೆರಡು ಮೆಟ್ಟಿಲು ಹಾರುತ್ತ ಟೆರೇಸಿಗೆ ಓಡಿದಳು.

ಅತ್ತೆ ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬೆಡ್‌ಶೀಟ್ ತಿಕ್ಕುತ್ತಿದ್ದಳು. ಬಕೆಟ್ಟಿಗೆ ನೀರು ಜೋರಾಗಿ ಬೀಳುತ್ತಿತ್ತು.

“ಅತ್ತೆ, ಡ್ರಮ್ ಇದೆ.”

“ಈಗ ಕೇಳಿಸ್ತಾ?”

“ನಿನ್ನ ಕಡೆ ಮಾತ್ರ ಇದೆ. ನನ್ನ ಕಡೆ ಇಲ್ಲವೇ ಇಲ್ಲ. ನನ್ನ ಕಡೆ ಇರೋದು ನಿನಗೆ ಬರಲ್ಲ. ಬೇರೆ ಬೇರೆ ತುಂಬಿದಾರೆ.”

ತಿಕ್ಕುತ್ತಿದ್ದ ಕೈ ನಿಂತಿತು. “ಯಾರು ಹೇಳಿದ್ರು?”

“ಯಾರೂ ಇಲ್ಲ. ಎರಡೂ ಹಾಕ್ಕೊಂಡೆ.”

“ನಿಮ್ಮಮ್ಮನಿಗೆ ಗೊತ್ತಾದ್ರೆ?”

“ಅಟ್ಟ. ಗೊತ್ತು. ತಗೋ, ಕೆಂಪು ದಾರದ್ದನ್ನ ನೀನು ಹಾಕ್ಕೋ. ನನ್ನ ಕಡೆ ಏನಿದೆ ಅಂತ ನಾನು ಹೇಳಲ್ಲ. ನೀನೇ ಹೇಳು ನೋಡೋಣ.” ಬಟಾಣಿ ಪ್ಲೇಯರನ್ನು ಅತ್ತೆಯ ಪಕ್ಕದ ಬಟ್ಟೆ ಬುಟ್ಟಿಯ ಮೇಲಿಟ್ಟು, ಶಾಲೆಯ ಡಾಕ್ಟರಂತೆ ಕೈ ಹಿಂದೆ ಕಟ್ಟಿ ನಿಂತಳು.

ಅತ್ತೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. ಒಂದು ಸಲ ಸಾಕಿತ್ತು, ಮೂರು ಸಲ ಒರೆಸಿಕೊಂಡಳು. ಕೆಂಪು ದಾರದ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಕಿವಿಯ ಹತ್ತಿರ ತಂದಳು. ಅಲ್ಲಿ ಕೈ ನಿಂತುಬಿಟ್ಟಿತು. ಒಳಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

ಬಟಾಣಿಗೆ ಬಿಳಿ ಮೀಸೆಯ ಮೇಸ್ತ್ರಿಯ ಮುಖ ಕಣ್ಣ ಮುಂದೆ ಬಂತು. ಏನೂ ಕೇಳಿಸದೆ, ಕೇಳಿಸಿದವರಂತೆ ತಲೆಯಾಡಿಸಿದ ಮುಖ. ಆಮೇಲೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದ ಅತ್ತೆಯ ಕೈ. ಹಿಂದೆ ಕಟ್ಟಿದ್ದ ತನ್ನ ಕೈಗಳನ್ನು ಅವಳು ಬಿಡಿಸಿದಳು. ತಾನೇ ಹೇಳಿಬಿಡೋಣವೆನಿಸಿತು. ಆದರೆ ಹೇಳಿಬಿಟ್ಟರೆ, ತನ್ನ ಕಿವಿ ಸರಿಯಿದೆಯೋ ಇಲ್ಲವೋ ಎಂದು ಅತ್ತೆಗೆ ಗೊತ್ತಾಗುವುದೇ ಇಲ್ಲ.

ಅತ್ತೆ ಹಾಕಿಕೊಂಡಳು.

ನೀರು ಬಕೆಟ್ಟಿಗೆ ಬೀಳುತ್ತಲೇ ಇತ್ತು. ಬಟಾಣಿ ಒಂದೇ ಹೆಜ್ಜೆಗೆ ಹೋಗಿ ನಲ್ಲಿ ತಿರುಗಿಸಿದಳು. ಕೊನೆಯ ಹನಿಯೂ ನಿಂತಿತು.

“ಗಂಟೆ,” ಎಂದಳು ಅತ್ತೆ.

ಬಟಾಣಿ ಬುಟ್ಟಿಯ ಮೇಲಿನ ಪ್ಲೇಯರನ್ನು ಕೈಗೆತ್ತಿಕೊಂಡಳು.

“ಚಿಕ್ಕ ಗಂಟೆ. ಸಾಲು ಮುಗಿದಾಗ ಒಂದೇ ಒಂದು ಸಲ ಹೊಡೀತಾರೆ. ಬೆರಳಲ್ಲಿ ಲೋಟ ತಟ್ಟಿದ ಹಾಗೆ. ಇದ್ಯಲ್ಲ?”

“ಇದೆ ಅತ್ತೆ.”

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಕೊಂಡಳು. ಬಿಳಿ ದಾರದ ತುದಿಯನ್ನು ಬಟಾಣಿಯ ಕಡೆ ಚಾಚಿದಳು. ಬಟಾಣಿ ಅದನ್ನು ತೆಗೆದುಕೊಂಡು, ಒರೆಸಿ, ಅತ್ತೆಯ ಇನ್ನೊಂದು ಕಿವಿಗೆ ತಾನೇ ಹಾಕಿದಳು.

ಅತ್ತೆಯ ಕಣ್ಣುಗಳು ಮುಚ್ಚಿಕೊಂಡವು. ಕಾಲ ಬೆರಳು ನೆಲಕ್ಕೆ ತಾಳ ಹಾಕತೊಡಗಿತು. ಪಾದದ ಮೇಲೆ ಸೋಪಿನ ನೊರೆ ಇನ್ನೂ ಇತ್ತು.

ವೈರು ಗಿಡ್ಡವಾದ್ದರಿಂದ ಬಟಾಣಿ ಪ್ಲೇಯರು ಹಿಡಿದುಕೊಂಡು ಒತ್ತಿನಲ್ಲೇ ನಿಲ್ಲಬೇಕಾಯಿತು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಪಕ್ಕದ ಟೆರೇಸಿನಿಂದ ಒಬ್ಬ ಹೆಂಗಸು, “ಯಾಕಮ್ಮ, ನೀರು ನಿಂತೋಯ್ತಾ?” ಎಂದು ಕೂಗಿದಳು. ಬಟಾಣಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

ಆಲ್ಬಮಿನಲ್ಲಿ ಇನ್ನೂ ಏಳು ಹಾಡು ಬಾಕಿ ಇದ್ದವು. ಬೆಡ್‌ಶೀಟಿನ ನೊರೆ ಒಂದೊಂದೇ ಗುಳ್ಳೆಯಾಗಿ ಒಡೆಯುತ್ತಿತ್ತು. ಅವಳು ಕೈ ಅಲುಗದಂತೆ ಪ್ಲೇಯರು ಹಿಡಿದು ನಿಂತೇ ಇದ್ದಳು.