ಮುಟ್ಟದೆ ಎಚ್ಚರವಾದ ಪರದೆ

"ನಮ್ಮನೆ ಕಂಪ್ಯೂಟರನ್ನ ನೀವು ಇಲ್ಲಿಂದ ನೋಡ್ತಾ ಇದ್ದೀರಾ?"

ಅಂಗಡಿಗೆ ಬಂದವಳೇ ಅವಳು ಕೇಳಿದ್ದು ಇಷ್ಟೇ. ರಿಪೇರಿಯವನ ಕೈಯ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಕಾಯುತ್ತಿದ್ದ ಗಿರಾಕಿಗಳ ಕಿವಿ ನೆಟ್ಟಗಾದವು.

ಬೈಯಲೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅವನ ಮುಖ ಕಂಡದ್ದೇ ಅರ್ಧ ಮರೆತುಹೋಯಿತು!

ಅವಳ ಭಯ ಸುಳ್ಳೇನಲ್ಲ. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಧ್ವನಿ ಕೇಳಿಸಿಕೊಂಡು, ರೋಗಿಗಳ ವಿವರವನ್ನು ಮನೆಯಲ್ಲೇ ಕೂತು ಟೈಪ್ ಮಾಡುವ ಕೆಲಸ ಅವಳದು. ಒಬ್ಬರ ಕಾಯಿಲೆ ಇನ್ನೊಬ್ಬರ ಕಣ್ಣಿಗೆ ಬಿತ್ತೋ, ಆ ಕೆಲಸಕ್ಕೆ ಎಳ್ಳುನೀರು.

ಇವನು ಸರ್ವಿಸ್ ಮಾಡಿಕೊಟ್ಟು ಹೋದ ಮೇಲೆಯೇ ಆ ಕಾಟ ಶುರುವಾದದ್ದು. ಸ್ಲೀಪ್‌ಗೆ ಹಾಕಿ ತರಕಾರಿ ತರಲು ಹೋದರೆ, ಬರುವಷ್ಟರಲ್ಲಿ ಕಂಪ್ಯೂಟರು ತಾನಾಗಿ ಎದ್ದು ಕೂತಿರುತ್ತಿತ್ತು. ಖಾಲಿ ಕುರ್ಚಿ, ಹೊಳೆಯುವ ಪರದೆ... ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

ಮನೆಯಲ್ಲಿದ್ದದ್ದು ಅಮ್ಮ ಒಬ್ಬರೇ. ಕಣ್ಣಿನ ಆಪರೇಶನ್ ಆಗಿ ವಿಶ್ರಾಂತಿಯಲ್ಲಿದ್ದವರು. ಕೇಳಿದಾಗಲೆಲ್ಲ, ತಾನು ಮಲಗಿದ್ದೆ, ಆ ಕಡೆ ತಲೆಯೂ ಹಾಕಿಲ್ಲ ಎನ್ನುತ್ತಿದ್ದರು.

ಹಾಗಾದರೆ ಇನ್ಯಾರು? ಕೇಬಲ್ಲು ಜೋಡಿಸುತ್ತಾ ಮಧ್ಯಾಹ್ನವಿಡೀ ನಗಿಸಿ ಹೋದ ಇವನೇ? ಅಂದಿನಿಂದ ತನ್ನ ಮನಸ್ಸು ಇವನನ್ನೇ ಸುತ್ತುತ್ತಿದೆಯಲ್ಲ... ದೇವರೇ, ಇಂಥವನನ್ನೇ?

ರಿಪೇರಿಯವನು ಜಗಳಕ್ಕೆ ನಿಲ್ಲಲಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದು ಅವಳ ಜೊತೆ ಹೊರಟ.

ಮನೆಯಲ್ಲಿ ಪರದೆ ಆಗಲೂ ಹೊಳೆಯುತ್ತಿತ್ತು. ಅಮ್ಮ ಒಳಕೋಣೆಯಲ್ಲಿ ಹೊದ್ದು ಮಲಗಿದ್ದರು. ಅವನು ಏನೋ ಟೈಪ್ ಮಾಡಿ, ಬಂದ ಉತ್ತರವನ್ನು ಅವಳಿಗೇ ಓದಲು ಬಿಟ್ಟ. ಕಡೆಯ ಸಲ ಎಬ್ಬಿಸಿದ್ದು ಮೌಸು. ಹೊರಗಿನಿಂದ ಯಾರೂ ಅಲ್ಲ.

ಖಾಲಿ ಕೋಣೆಯಲ್ಲಿ ಮೌಸು ಅಲುಗಾಡಿದ್ದು ಹೇಗೆ?

ಮೇಜು ತಾಗಿದ್ದ ಹಲಗೆಗೋಡನ್ನು ಅವನು ತಟ್ಟಿ ನೋಡಿದ. ಆಚೆಗೆ ಏನಿದೆ ಎಂದು ಕೇಳಿದ. ಅಮ್ಮನ ಹೊಲಿಗೆ ಮಿಷನ್ನು, ಆದರೆ ಆಪರೇಶನ್ ಆದಾಗಿನಿಂದ ಮುಚ್ಚಿಟ್ಟಿದೆ ಎಂದಳು. ಅವನು ಕಂಪ್ಯೂಟರನ್ನು ಮತ್ತೆ ಸ್ಲೀಪ್‌ಗೆ ಹಾಕಿ, ಒಂದು ಸಲ ತುಳಿದು ನೋಡಿ ಎಂದ.

ಅವಳು ಒಳಗೆ ಹೋಗಿ ಮುಸುಕು ತೆಗೆದಳು. ಸೂಜಿಯಲ್ಲಿ ದಾರ! ಅದರಡಿ ಅರ್ಧ ಹೊಲಿದ ದಿಂಬಿನ ಚೀಲ! ತುಳಿದದ್ದೇ ತಡ, ಹಲಗೆಗೋಡು ನಡುಗಿತು. ಆಚೆ ಕೋಣೆಯಿಂದ ಅವನ ದನಿ ಬಂತು, "ಎದ್ದುಬಿಡ್ತು."

ಅಮ್ಮ ಹೊದಿಕೆ ಸರಿಸಿ ಎದ್ದು ಕೂತರು. "ಕೈ ಸುಮ್ನಿರಲ್ಲ ಕಣೇ. ಹೇಳಿದ್ರೆ ಮಿಷನ್ನಿಗೆ ಬೀಗ ಹಾಕ್ತೀಯ ಅಂತ ಸುಳ್ಳು ಹೇಳಿದೆ. ನೀನು ಹೋಗಿ ಆ ಪಾಪದವನ ಕೊರಳಪಟ್ಟಿ ಹಿಡೀತೀಯ ಅಂತ ನಂಗೇನು ಗೊತ್ತು?"

ಅವಳು ತಲೆ ತಗ್ಗಿಸಿಕೊಂಡು ಹೊರಗೆ ಬಂದಳು. ಆದರೂ ಒಂದು ಅನುಮಾನ ಉಳಿದಿತ್ತು. ಅಮ್ಮ ಮೊದಲು ದಿನವಿಡೀ ಹೊಲಿಯುತ್ತಿದ್ದರು, ಆಗ ಇದು ಏಳುತ್ತಿರಲಿಲ್ಲವಲ್ಲ?

ಅವನು ಮೌಸನ್ನೇ ನೋಡುತ್ತಾ ಹೇಳಿದ. "ಆವತ್ತು ಮೇಜಿನ ಕೆಳಗಿರೋ ಪವರ್ ಬಟನ್ ಒತ್ತೋಕೆ ಬಗ್ಗಿದಾಗ ಸೊಂಟ ಹಿಡ್ಕೊಂಡ್ರಿ. ಬಗ್ಗೋದೇ ಬೇಡ ಅಂತ ಮೌಸು ಅಲುಗಿದ್ರೆ ಏಳೋ ಹಾಗೆ ಮಾಡಿದೆ. ಹೇಳೋದು ಮರೆತೆ. ತಪ್ಪು ನಂದೂ ಇದೆ."

ಅವಳ ಕಣ್ಣು ತುಂಬಿ ಬಂತು. ತನ್ನ ಸೊಂಟ ನೋವು ತನಗೇ ನೆನಪಿರಲಿಲ್ಲ... ಇವನಿಗೆ ಇತ್ತು!

"ಎಲ್ಲರ ಮುಂದೆ ನಿಮ್ಮನ್ನ ಕಳ್ಳನ್ನ ಕೇಳೋ ಥರ ಕೇಳಿಬಿಟ್ಟೆ..."

"ಬೇರೆ ರಿಪೇರಿಯವನಿಗೆ ತೋರಿಸಬಹುದಿತ್ತಲ್ಲ. ನನ್ನ ಹತ್ರಾನೇ ಯಾಕೆ ಬಂದ್ರಿ?"

"ಬೇರೆಯವನು ಹೌದು, ನೀವೇ ಅಂದಿದ್ರೆ ನಂಬಬೇಕಾಗ್ತಿತ್ತು. ನೀವೇ ನಾನಲ್ಲ ಅನ್ನಲಿ ಅಂತ ಬಂದೆ."

ಅವನು ಮೌಸನ್ನು ಮೆಲ್ಲಗೆ ಬೋರಲು ಮಾಡಿಟ್ಟ.

"ಹೊರಗೆ ಹೋಗುವಾಗ ಹೀಗಿಟ್ಟರೆ ಏಳಲ್ಲ. ಇಲ್ಲಾಂದ್ರೆ ಮೊದಲಿನ ಹಾಗೇ ಮಾಡಿಕೊಡ್ಲಾ?"

"ಬೇಡ," ಎಂದಳು. "ನೀವು ನಂಗೋಸ್ಕರ ಮಾಡಿದ್ದು ಹಾಗೇ ಇರಲಿ."