ದಪ್ಪ ಅಂಕಿಗಳ ವಾಚು

"ಇದು ಅಸಲಿನಾ, ನಕಲಿನಾ? ಹೇಳ್ಬಿಡಿ ಮೇಡಂ, ಹೋಗ್ತಾ ಇರ್ತೀನಿ."

ಆ ದನಿ! ಅವಳ ಕೈಯಲ್ಲಿದ್ದ ಚಿಮುಟ ಜಾರಿ ಮೇಜಿನ ಮೇಲೆ ಬಿತ್ತು.

ಅಜ್ಜಿಯ ಕಥೆಗಳಲ್ಲಿ ದೂರವಾದ ರಾಜಕುಮಾರ ಕುದುರೆಯೇರಿ ಮರಳುತ್ತಿದ್ದ. ಇವನು ಬಂದದ್ದು ಹಳೆಯ ವಾಚುಗಳ ಈ ಇಕ್ಕಟ್ಟಾದ ಅಂಗಡಿಗೆ... ಕರವಸ್ತ್ರದಲ್ಲಿ ಸುತ್ತಿದ ಅದೇ ವಾಚು ಹಿಡಿದು, ಕಣ್ಣಲ್ಲಿ ಕೆಂಡ ತುಂಬಿಕೊಂಡು.

ಮೇಡಂ ಅಂತೆ! ಒಂದು ಕಾಲಕ್ಕೆ 'ಗೂಬೆ' ಎನ್ನುತ್ತಿದ್ದವನು. ಸದಾ ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಾಳೆಂದು ಅವನೇ ಇಟ್ಟ ಹೆಸರು.

"ಹೋದ ವರ್ಷನೇ ಹೇಳಿದ್ನಲ್ಲ," ಎಂದಳು.

"ಹೌದು. ಎಲ್ಲರ ಮುಂದೆ ಹೇಳಿದ್ರಿ."

ಅದು ಅವರಿಬ್ಬರ ಮದುವೆ ಮಾತುಕತೆಯ ದಿನ. ಅವನ ಅಮ್ಮ ತನ್ನ ಕೈಯಿಂದ ವಾಚು ಬಿಚ್ಚಿ, "ಇವರಪ್ಪ ನಂಗೆ ಕೊಟ್ಟಿದ್ದು. ಇನ್ಮೇಲೆ ನನ್ನ ಸೊಸೆದು," ಎಂದು ಇವಳಿಗೆ ಕಟ್ಟಿದ್ದರು. ಹಾಳು ಅಭ್ಯಾಸ! ಇವಳು ಚೀಲದಿಂದ ಭೂತಗನ್ನಡಿ ತೆಗೆದಿದ್ದಳು. ಅಂಕಿಗಳ ಮೇಲೆ ಬೇರೆ ಬಣ್ಣ ಕಂಡಿದ್ದೇ ತಡ, "ಅಯ್ಯೋ ಅತ್ತೆ, ಇದು ಅಸಲಿ ಅಲ್ಲ!" ಎಂದು ನಕ್ಕುಬಿಟ್ಟಿದ್ದಳು.

ಅವನು ಎದ್ದು ಹೋಗಿದ್ದ. ಮೋಸ ಬಯಲಾದದ್ದಕ್ಕೆ ಸಿಟ್ಟು ಎಂದುಕೊಂಡು ಇವಳೂ ವಾಚು ಬಿಚ್ಚಿಟ್ಟು ಮುಖ ತಿರುಗಿಸಿದ್ದಳು.

"ಅತ್ತೆ ಹೇಗಿದಾರೆ?"

"ಇಲ್ಲ."

"ಊರಲ್ಲಿ ಇಲ್ವಾ?"

"ಎಲ್ಲೂ ಇಲ್ಲ."

ಅವಳು ಅವನ ಕೈಯ ಕರವಸ್ತ್ರದಿಂದ ವಾಚು ಬಿಡಿಸಿಕೊಂಡಳು.

"ಆಮೇಲೆ ಅಮ್ಮ ಇದನ್ನ ಕಟ್ಟಲೇ ಇಲ್ಲ. 'ಅವರು ನಂಗೂ ನಕಲಿ ಕೊಟ್ರಾ?' ಅಂತ ಕೊರಗಿ ಕೊರಗಿ ಹೋದ್ಲು. ಸತ್ತ ಗಂಡನ ಮೇಲೆ ಅನುಮಾನ ಇಟ್ಕೊಂಡೇ ಹೋದ್ಲು! ನಿನ್ನ ಒಂದು ಮಾತಿಗೆ!"

ಅವಳು ವಾಚಿನ ಬೆನ್ನು ಬಿಚ್ಚಿದಳು. ಒಳಗಿನ ಯಂತ್ರ ಅಸಲಿ. ಕವಚ ಅಸಲಿ. ಡಯಲ್ ಮೇಲೆ ಭೂತಗನ್ನಡಿ ಹಿಡಿದಳು. ಅಂದು ಅರೆಗಳಿಗೆ ನೋಡಿದ್ದನ್ನು ಇಂದು ಉಸಿರು ಬಿಗಿಹಿಡಿದು ನೋಡಿದಳು.

ಉಳಿದ ಅಂಕಿಗಳೆಲ್ಲ ಕೂದಲೆಳೆಯಂತೆ ತೆಳ್ಳಗೆ, ಹಳೆಯ ಅಚ್ಚಿನಲ್ಲೇ ಇವೆ. ಎಂಟು ಮತ್ತು ಎರಡು ಮಾತ್ರ ದಪ್ಪ! ಆ ಬಣ್ಣದಡಿಯಲ್ಲೂ ಹಳೆಯ ಅಚ್ಚು ಇಣುಕುತ್ತಿದೆ.

'ಮೋಸ ಮಾಡುವವನು ಎಲ್ಲವನ್ನೂ ತಿದ್ದುತ್ತಿದ್ದ. ಇವೆರಡೇ ಯಾಕೆ...?'

"ನಿಮ್ಮಪ್ಪ ಏನು ಕೆಲಸ ಮಾಡ್ತಿದ್ರು?"

"ಅಂಗಡಿ ಬೋರ್ಡ್ ಬರೀತಿದ್ರು. ಅದ್ಯಾಕೀಗ?"

"ಎಂಟು ಗಂಟೆಗೆ, ಎರಡು ಗಂಟೆಗೆ ನಿಮ್ಮನೇಲಿ ಏನಿರ್ತಿತ್ತು?"

ಅವನು ಹುಬ್ಬು ಗಂಟಿಕ್ಕಿದ. "ನನ್ನ ಔಷಧಿ. ಚಿಕ್ಕೋನಿದ್ದಾಗ ಉಬ್ಬಸ ಇತ್ತಲ್ಲ. ಅಮ್ಮಂಗೋ ಕಣ್ಣು ಮಂಜು. ಕನ್ನಡಕ ಹಾಕ್ಕೋ ಅಂದ್ರೆ, 'ನಾನೇನು ಮುದುಕಿನಾ?' ಅಂತ ಜಗಳ. ಹೊತ್ತು ತಪ್ಪಿ ಔಷಧಿ ಕೊಟ್ಟು ನಾನು ಸಾಯೋ ಹಾಗಾಗಿದ್ದೆ. ಆಮೇಲೆ ಅಪ್ಪ ವಾಚಿಗೆ ಹೊಸ ಗಾಜು ಹಾಕಿಸ್ಕೊಂಡು ಬಂದ್ರು. ಈಗ ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ಅಮ್ಮ ಬೀದಿಗೆಲ್ಲ..."

ಅವನು ತಟ್ಟನೆ ವಾಚಿನತ್ತ ಬಗ್ಗಿದ.

"ಗಾಜು ಹಳೇದೇ ಕಣೋ," ಎಂದಳು ಅವಳು. ಕಣ್ಣು ತುಂಬಿ ಬಂದಿತ್ತು. "ನಿಮ್ಮಪ್ಪ ಅಂಕಿ ದಪ್ಪ ಮಾಡಿದಾರೆ. ಅತ್ತೆಗೆ ಬೇಜಾರಾಗ್ದೇ ಇರ್ಲಿ ಅಂತ ಗಾಜಿನ ಸುಳ್ಳು ಹೇಳಿದಾರೆ. ವಾಚು ಅಸಲಿ. ನಾನೇ... ನಾನೇ ಸರಿಯಾಗಿ ನೋಡ್ಲಿಲ್ಲ."

ಅವನು ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದ. "ಇದನ್ನ ಈಗ ಯಾರಿಗೆ ಹೇಳ್ಲೇ, ಗೂಬೆ?"

ಆ ಹೆಸರು ಕೇಳಿ ಅವಳ ದುಃಖ ಕಟ್ಟೆಯೊಡೆಯಿತು. ಕೇಳುವ ಕಿವಿಯೇ ಇಲ್ಲದ ಮೇಲೆ ಕ್ಷಮೆ ಯಾರ ಬಳಿ ಬೇಡುವುದು?

ಅವನು ಆ ಎರಡು ಅಂಕಿಗಳತ್ತ ಬೆರಳು ತೋರಿದ. "ಆ ಬಣ್ಣ ತೆಗೆದ್ರೆ?"

"ಹೊಸದರಲ್ಲಿ ಹೇಗಿತ್ತೋ ಹಾಗಾಗುತ್ತೆ. ಆದ್ರೆ ನಾನು ತೆಗೆಯಲ್ಲ. ಯಾರಿಗೂ ತೆಗೆಯೋಕೆ ಬಿಡಲ್ಲ."

ಅವನು ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ ನೋಡಿದ.

"ಕೈ ಕೊಡು."

ವಾಚು ಕಟ್ಟಿದ. ಪಟ್ಟಿಯಲ್ಲಿ ಅಮ್ಮನ ಅಳತೆಗೆ ಹಿಗ್ಗಿದ್ದ ತೂತು. ಅವಳ ಕೈಗೆ ಸಡಿಲವಾಯಿತು.

"ಕ್ಷಮಿಸಿಬಿಟ್ಟೆ ಅಂದ್ಕೋಬೇಡ."

"ಅಂದ್ಕೊಂಡಿಲ್ಲ."

"ಆದ್ರೂ ನಿನ್ನ ಬಿಟ್ಟಿರೋಕೆ ಆಗ್ಲಿಲ್ಲ ಕಣೇ. ಇಲ್ದಿದ್ರೆ ಊರಲ್ಲಿ ಬೇರೆ ವಾಚಿನಂಗಡಿ ಇರ್ಲಿಲ್ವಾ?"

"ನಂಗೂ ಅಷ್ಟೇ..." ಅವಳು ಬಿಕ್ಕಿದಳು. "ನಾಳೆ ಮನೆಗೆ ಕರ್ಕೊಂಡು ಹೋಗು. ಅತ್ತೆ ಫೋಟೋ ಮುಂದೆ ನಿಂತು, ಅಸಲಿ ಅಂತ ಗಟ್ಟಿಯಾಗಿ ಹೇಳ್ಬೇಕು. ಕೇಳಿಸದಿದ್ರೂ..."

"ಎಷ್ಟೊತ್ತಿಗೆ ಬರ್ಲಿ?"

ಅವಳು ಡಯಲ್ ನೋಡಿದಳು. ಕಣ್ಣೀರಿನಲ್ಲಿ ಅಂಕಿಗಳೆಲ್ಲ ಕಲಸಿಹೋಗಿದ್ದವು... ಎಂಟು ಮತ್ತು ಎರಡರ ಹೊರತು.

"ಎರಡಕ್ಕೆ," ಎಂದಳು. "ಅದು ಚೆನ್ನಾಗಿ ಕಾಣ್ತಿದೆ."